ಮೂರನೇ ಮಡಿಕೆಯ ತೂತು

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಬಾಕಿ. ಬೀದಿಯ ಅಂಗಡಿಗಳೆಲ್ಲ ಶಟರ್ ಎಳೆದುಕೊಂಡು ಮಲಗಿವೆ. ದರ್ಜಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಮಾತ್ರ ದೀಪ ಹೊತ್ತಿದೆ. ಅಲ್ಲಿ ಎತ್ತರದ ಸ್ಟೂಲೊಂದರ ಮೇಲೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಗೆ ಜಾರಿದರೇನೋ ಅಂದುಕೊಳ್ಳುವಷ್ಟರಲ್ಲಿ ಅವರ ಬಲಗಾಲು ಮೇಜಿನ ಕೆಳಗಿನ ತಿದಿಯನ್ನು ಒತ್ತುತ್ತದೆ. ಮೇಜಿನ ಕಿಂಡಿಯ ಮೇಲಿಟ್ಟ, ಬೆಂಕಿಕಡ್ಡಿಗಿಂತ ಗಿಡ್ಡದಾದ ಉಕ್ಕಿನ ನಾಲಿಗೆಯೊಂದು, ಅಂದರೆ ರೀಡು, ಸಣ್ಣಗೆ ಹಾಡುತ್ತದೆ. ಅವರು ಮುಖ ಹುಳ್ಳಗೆ ಮಾಡುತ್ತಾರೆ. ಅರ ತೆಗೆದುಕೊಂಡು ನಾಲಿಗೆಯ ತುದಿಯನ್ನು ಎರಡೇ ಎರಡು ಸಲ ಸವರುತ್ತಾರೆ. ಮತ್ತೆ ಕಾಲು, ಮತ್ತೆ ಸ್ವರ. ಈ ಸಲ ಮುಖ ಸಡಿಲವಾಗುತ್ತದೆ.

ಈ ಬೀದಿಯವರಿಗೆ ಇವರು ತಿದಿಯಕ್ಕ. ಗಾಳಿ ಊದಿ ನುಡಿಸುವ ಪೆಟ್ಟಿಗೆಗಳು, ಎಂದರೆ ಹಾರ್ಮೋನಿಯಂ, ಅಕಾರ್ಡಿಯನ್, ಕನ್ಸರ್ಟಿನಾ, ಏನೇ ಕೆಟ್ಟರೂ ಇವರ ಬಾಗಿಲಿಗೆ ಬರುತ್ತವೆ. ಶ್ರುತಿ ಕೂಡಿಸುವ ಕೆಲಸವನ್ನು ಇವರು ನಸುಕಿನ ಎರಡು ತಾಸು ಮಾತ್ರ ಮಾಡುತ್ತಾರೆ. ಆಮೇಲೆ ದರ್ಜಿಯ ಮಿಷನ್ನುಗಳು ಶುರುವಾಗುತ್ತವೆ, ಅದಕ್ಕೂ ಮೊದಲು ಹಾಲಿನ ವ್ಯಾನು. "ವ್ಯಾನ್ ಬರೋದ್ರೊಳಗೆ ಎಂಟು ರೀಡು ಮುಗಿಸ್ಬೇಕು. ಅದು ಬಂತು ಅಂದ್ರೆ ಕಿವಿಗೆ ಇವತ್ತಿನ ಮಟ್ಟಿಗೆ ರಜೆ," ಅನ್ನುತ್ತಾರೆ.

ಇವತ್ತು ಅವರ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿರುವುದು ನೂರು ವರ್ಷ ದಾಟಿದ ಒಂದು ಕನ್ಸರ್ಟಿನಾ. ಕಾಣದವರಿಗೆ ಹೇಳುವುದಾದರೆ, ಅದು ಎರಡು ಅಂಗೈಗಳ ನಡುವೆ ಹಿಡಿದು, ಎಳೆದು, ಒತ್ತಿ ನುಡಿಸುವ ಆರು ಮೂಲೆಯ ಪುಟ್ಟ ಪೆಟ್ಟಿಗೆ. ಹಾರ್ಮೋನಿಯಂ ಕೂತಲ್ಲೇ ಕೂರುವ ದೊಡ್ಡಮ್ಮನಾದರೆ ಇದು ಚೀಲ ಹೆಗಲಿಗೇರಿಸಿ ಊರು ಸುತ್ತುವ ತಂಗಿ ಮಗಳು. ಎರಡು ಕಡೆ ಸೇರಿ ಮೂವತ್ತು ಗುಂಡಿಗಳು. ಒಂದೊಂದು ಗುಂಡಿಯೂ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು ಸ್ವರ ಹೇಳುವುದರಿಂದ ಒಳಗೆ ಅರವತ್ತು ರೀಡು. ನಡುವೆ ಆರು ಮಡಿಕೆಯ ಚರ್ಮದ ತಿದಿ. ಇದನ್ನು ಮಾರಿಕೊಡಬೇಕು ಎಂದು ಅದರ ಯಜಮಾನರು ತಿದಿಯಕ್ಕನ ಕೈಗೊಪ್ಪಿಸಿ ಹೋಗಿ ಎರಡು ತಿಂಗಳಾಯಿತು. ಐವತ್ತಾರು ರೀಡು ಸರಿಯಾಗಿವೆ, ಉಳಿದ ನಾಲ್ಕು ಇವತ್ತು ಮುಗಿಯುತ್ತವೆ. ತಿದಿಯ ಮೂರನೇ ಮಡಿಕೆಯಲ್ಲಿ, ಎಡಗೈ ಕಡೆಯ ಮೂಲೆಯಲ್ಲಿ, ಸೂಜಿ ತೂರುವಷ್ಟು ಒಂದು ತೂತಿದೆ. ಅದನ್ನು ಮುಚ್ಚಲು ಬೇಕಾದದ್ದು ಉಗುರಿನಷ್ಟು ಚರ್ಮ, ಒಂದು ಹನಿ ಅಂಟು. ಆ ಚಿಕ್ಕ ಕೆಲಸಕ್ಕೆ ಮಾತ್ರ ತಿದಿಯಕ್ಕನ ಕೈ ಏಳುತ್ತಿಲ್ಲ.

ಯಾಕೆ ಏಳುತ್ತಿಲ್ಲ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಿದಿಯಕ್ಕ ಹುಟ್ಟಾ ಸಂಗೀತದವರಲ್ಲ. ಮದುವೆಗೆ ಮೊದಲು ಚರ್ಮದ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿದ್ದರು. ದಿನಕ್ಕೆ ಹನ್ನೆರಡು ಜೊತೆ, ಬೆರಳ ಸಂದಿಯ ಹೊಲಿಗೆ ಇವರದೇ. ಕಾರ್ಖಾನೆ ಒಂದು ಸೋಮವಾರ ಬೀಗ ಹಾಕಿಕೊಂಡಿತು. ಅಷ್ಟರಲ್ಲಿ ಮದುವೆಯಾಗಿ ಈ ಮನೆ ಸೇರಿದ್ದರು. ರಿಪೇರಿ ಕೋಣೆ ಆಗ ಅತ್ತೆಯದು. ಗಂಡ ಕರೆಂಟ್ ಕಂಬ ಹತ್ತುವ ಲೈನ್‌ಮನ್. ಸ್ವರ ಅಂದರೆ ಸೈರನ್ ಒಂದೇ ಎಂದು ನಂಬಿದ್ದ ಮನುಷ್ಯ. ಹಾಗಾಗಿ ಅತ್ತೆಯ ವಿದ್ಯೆ ಮಗನನ್ನು ದಾಟಿ ಸೊಸೆಯ ಕೈ ಹಿಡಿಯಿತು.

"ಅತ್ತೆ ಮೊದಲ ದಿನ ನನ್ನ ಮುಖ ನೋಡಿದ್ದೇ ಕಮ್ಮಿ. ನಾನೇ ಹೊಲಿದ ಚೀಲ ಒಂದಿತ್ತು, ಅದನ್ನ ಒಳಹೊರಗು ಮಾಡಿ ಹೊಲಿಗೆ ನೋಡಿದ್ರು. 'ಕೈ ಪರವಾಗಿಲ್ಲ, ಕಿವಿ ಹೇಗೋ' ಅಂದ್ರು. ಆ ಕಿವಿ ಸರಿ ಇದೆ ಅಂತ ಒಪ್ಪಿಕೊಳ್ಳೋಕೆ ಅವರಿಗೆ ಆರು ವರ್ಷ ಬೇಕಾಯ್ತು."

ಅತ್ತೆ ಹೋಗಿ ಹನ್ನೆರಡು ವರ್ಷವಾದರೂ ಅವರ ಏಪ್ರನ್ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಈಗಲೂ ಕೆಲವು ಗಿರಾಕಿಗಳು ಒಳಗೆ ಇಣುಕಿ "ರಿಪೇರಿಯವರಿಲ್ವಾ?" ಎಂದು ಕೇಳುತ್ತಾರೆ. ಎದುರಿಗೆ ಅರ ಹಿಡಿದು ಕೂತವರೇ ರಿಪೇರಿಯವರು ಎಂದು ಅವರ ತಲೆಗೆ ಹೊಳೆಯುವುದಿಲ್ಲ. ತಿದಿಯಕ್ಕ ಮೊದಮೊದಲು ರೇಗುತ್ತಿದ್ದರಂತೆ. ಈಗ "ಬರ್ತಾರೆ, ಕೂತ್ಕೊಳ್ಳಿ" ಅಂದು ಅವರ ಕಣ್ಣೆದುರೇ ಕೆಲಸ ಮುಂದುವರಿಸುತ್ತಾರೆ. ಹತ್ತು ನಿಮಿಷದಲ್ಲಿ ಗಿರಾಕಿಯ ಮುಖ ಕೆಂಪಾಗುವುದನ್ನು ನೋಡುವುದೂ ಒಂದು ಖುಷಿಯೇ.

ಬೆಳಗ್ಗೆ ಎಂಟು ರೀಡು, ಹಗಲಿಗೆ ಚರ್ಮದ ಕೆಲಸ. ಹೊಸ ತಿದಿಯೊಂದನ್ನು ಕಟ್ಟಲು ಮೂರು ವಾರ. ಅದಕ್ಕೆ ಬೇಕಾಗುವ ಚರ್ಮದ ತುಂಡುಗಳು ನೂರಕ್ಕೂ ಹೆಚ್ಚು, ಒಂದೊಂದರ ಅಂಚನ್ನೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೆರೆಯಬೇಕು. ವರ್ಷಕ್ಕೆ ನಲವತ್ತರಷ್ಟು ಪೆಟ್ಟಿಗೆಗಳು ರಿಪೇರಿಗೆ ಬರುತ್ತವೆ. ಹಿಂದೆ ನೂರಿಪ್ಪತ್ತು ಬರುತ್ತಿದ್ದವು. ಬ್ಯಾಟರಿ ಹಾಕಿದರೆ ತಾನೇ ತಾಳ ಹಾಕಿಕೊಳ್ಳುವ ಕೀಬೋರ್ಡುಗಳು ಬಂದ ಮೇಲೆ ಗಾಳಿ ಪೆಟ್ಟಿಗೆ ಹಿಡಿಯುವವರು ಕಡಿಮೆಯಾದರು. ಹೆರೆದೂ ಹೆರೆದೂ ತಿದಿಯಕ್ಕನ ಬಲಗೈ ಹೆಬ್ಬೆರಳಿನ ಗಿಣ್ಣು ಊದಿಕೊಂಡು ಅಲ್ಲೇ ನಿಂತಿದೆ. ಕುದಿಯುವ ಅಂಟಿನ ವಾಸನೆಗೆ ಮನೆಯವರು ಮೂಗು ಮುಚ್ಚಿಕೊಂಡು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದಾರೆ. "ನಾನು ಕಂಬದ ಮೇಲೆ ಹತ್ತೋದು ಯಾಕೆ ಅಂದ್ಕೊಂಡ್ರಿ? ಒಳ್ಳೆ ಗಾಳಿಗೆ," ಎಂದು ಗಂಡ ಊಟದ ಡಬ್ಬಿ ಹಿಡಿದು ಹೊರಡುತ್ತಾ ನಗುತ್ತಾರೆ.

ಈಗ ಆ ಪೆಟ್ಟಿಗೆಯ ಯಜಮಾನರ ವಿಷಯ. ಅವರನ್ನು ಊರು ಕರೆಯುವುದೇ ದೋಣಿ ಯಜಮಾನರು ಎಂದು. ಹೊಳೆಗೆ ಸೇತುವೆ ಬರುವ ತನಕ ನಲವತ್ತು ವರ್ಷ ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ಮುಟ್ಟಿಸಿದವರು. ದೋಣಿ ತುಂಬುವ ತನಕ ಚುಕ್ಕಾಣಿಯ ಪಕ್ಕ ಕೂತು ಕನ್ಸರ್ಟಿನಾ ನುಡಿಸುತ್ತಿದ್ದರು. ಅದು ದೋಣಿಯ ಜೊತೆಗೇ ಹಿಂದಿನ ಯಜಮಾನನಿಂದ ಬಂದದ್ದು, ತೂತಿನ ಸಮೇತ. ನುಡಿಸಲು ಕಲಿತದ್ದು ತಾವೇ, ನೀರಿನ ಮೇಲೆ.

ಇಪ್ಪತ್ತಾರು ವರ್ಷದ ಹಿಂದೆ ಅವರು ಒಂದು ಗುಂಡಿ ಅಂಟಿಕೊಳ್ಳುತ್ತದೆ ಎಂದು ಪೆಟ್ಟಿಗೆ ತಂದುಕೊಟ್ಟರು. ಅತ್ತೆ ಊರಲ್ಲಿರಲಿಲ್ಲ. ಸೊಸೆ ಮೊದಲ ಸಲ ಒಬ್ಬರೇ ಒಂದು ಪೆಟ್ಟಿಗೆ ಬಿಚ್ಚುತ್ತಿದ್ದ ಹುರುಪು. ಗುಂಡಿ ಸರಿಯಾಯಿತು. ದೀಪಕ್ಕೆ ಹಿಡಿದು ನೋಡಿದರೆ ಮೂರನೇ ಮಡಿಕೆಯಲ್ಲಿ ಬೆಳಕಿನ ಚುಕ್ಕೆ. ಕೇಳದೆಯೇ ಒಂದು ಉಪಕಾರ ಮಾಡೋಣ ಎಂದು ಅದನ್ನೂ ಮುಚ್ಚಿದರು. ಕೈಗವಸಿನ ಕೈ ತಾನೇ, ತೇಪೆ ಹಾಕಿದ್ದು ಹುಡುಕಿದರೂ ಸಿಗದ ಹಾಗೆ.

ಎಂಟು ದಿನಕ್ಕೆ ಯಜಮಾನರು ವಾಪಸು ಬಂದರು. ಜಗಳ ಮಾಡಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮಗು ಕಳೆದುಕೊಂಡವರ ಹಾಗೆ ನಿಂತರು. ಇದು ನನ್ನದಲ್ಲ, ಬದಲಾಗಿದೆ, ಬೇರೆ ಯಾರದೋ ಕೊಟ್ಟಿದ್ದೀರಿ ಎಂದರು. ನುಡಿಸಿ ತೋರಿಸಿದರು. ಪ್ರತಿ ಸಾಲಿನ ಮೊದಲ ಸ್ವರ ಕಿರುಚುತ್ತಿತ್ತು.

ಅಷ್ಟರಲ್ಲಿ ಊರಿಂದ ಬಂದಿದ್ದ ಅತ್ತೆಗೆ ಒಂದೇ ನೋಟಕ್ಕೆ ಗೊತ್ತಾಯಿತು. ತೂತಿನಿಂದ ಗಾಳಿ ಸೋರುತ್ತಿದ್ದ ಪೆಟ್ಟಿಗೆಯಲ್ಲೇ ಕಲಿತ ತೋಳು ಅದು. ಸೋರಿದ್ದನ್ನು ತುಂಬಿಕೊಳ್ಳಲು ಪ್ರತಿ ಸಲ ಎಳೆಯುವಾಗಲೂ ಅವರ ಎಡ ಮೊಣಕೈ ಸಣ್ಣಗೆ ಜಗ್ಗುತ್ತಿತ್ತು. ಆ ಜಗ್ಗಿನಲ್ಲೇ ಅವರ ಹಾಡಿನ ತೂಗಾಟವಿತ್ತು. ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತದೆಯೇ ದೋಣಿ ಯಾರದೆಂದು ಹೇಳುತ್ತಿದ್ದದ್ದು ಅದರಿಂದಲೇ. ಈಗ ಗಾಳಿ ಸೋರುವುದಿಲ್ಲ, ಆದರೆ ಮೊಣಕೈಗೆ ಅದು ಗೊತ್ತಿಲ್ಲ.

"ಅತ್ತೆ ನನಗೆ ಒಂದು ಮಾತೂ ಬೈಲಿಲ್ಲ. ಸೂಜಿಡಬ್ಬಿ ತಂದು ಮುಂದೆ ಇಟ್ರು. ತೇಪೆ ಕಿತ್ತೆ. ಹಳೇ ತೂತು ಅಂಟಲ್ಲಿ ತುಂಬಿಹೋಗಿತ್ತು. ಸಣ್ಣ ಸೂಜಿಯಿಂದ ಚುಚ್ಚಿದೆ, ಯಜಮಾನ್ರು ನುಡಿಸಿದ್ರು, ತಲೆ ಆಡಿಸಿದ್ರು. ಅದಕ್ಕಿಂತ ದಪ್ಪದ್ದು, ಮತ್ತೆ ನುಡಿಸಿದ್ರು. ನಾಲ್ಕನೇ ಸೂಜಿಗೆ ಕಣ್ಣು ಮುಚ್ಚಿ 'ಸಾಕು' ಅಂದ್ರು. ಒಳ್ಳೇ ಚರ್ಮಕ್ಕೆ ನಾನೇ ಕೈಯಾರೆ ತೂತು ಹಾಕ್ತಾ ಕೂತಿದ್ದೆ. ಕಾರ್ಖಾನೆಯಲ್ಲಿ ಆಗಿದ್ರೆ ಅವತ್ತೇ ಮನೆಗೆ ಕಳಿಸೋರು."

ಆ ದಿನದಿಂದ ಈ ಕೋಣೆಯಲ್ಲೊಂದು ಪದ್ಧತಿ ಬಂತು. ಪೆಟ್ಟಿಗೆ ಬಿಚ್ಚುವ ಮೊದಲು ಅದರ ಒಡೆಯರು ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತು ಒಂದು ಹಾಡು ಪೂರ್ತಿ ನುಡಿಸಬೇಕು. ತಿದಿಯಕ್ಕ ಆಗ ಕೇಳುವುದಕ್ಕಿಂತ ನೋಡುವುದೇ ಹೆಚ್ಚು: ಮೊಣಕೈ, ಮಣಿಕಟ್ಟು, ಭುಜ, ಉಸಿರು. ಪ್ರತಿ ಪೆಟ್ಟಿಗೆಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಎಡಕ್ಕೆ "ಕೆಟ್ಟದ್ದು", ಬಲಕ್ಕೆ "ಇರಲಿ, ಮುಟ್ಟಬೇಡ". ಒಬ್ಬ ಅಕಾರ್ಡಿಯನ್ ಮೇಷ್ಟರಿಗೆ ಒಂದು ಗುಂಡಿ ಟಕ್ ಎನ್ನದಿದ್ದರೆ ತಾಳ ತಪ್ಪುತ್ತದೆ, ಅದು ಬಲಕ್ಕಿದೆ. ದೋಣಿ ಯಜಮಾನರ ಪುಟದ ಬಲಬದಿಯಲ್ಲಿ ಒಂದೇ ಸಾಲು, ಅಡಿಗೆರೆ ಎಳೆದು ಬರೆದದ್ದು: "ಮೂರನೇ ಮಡಿಕೆ."

ಅಂದಿನಿಂದ ಯಜಮಾನರು ವರ್ಷಕ್ಕೊಮ್ಮೆ ತಪ್ಪದೆ ಬಂದರು. ತಿದಿಯಕ್ಕನ ಕೈಯಲ್ಲಿ ಇಷ್ಟು ಸಲ ಬಿಚ್ಚಿ ಮುಚ್ಚಿಸಿಕೊಂಡ ಪೆಟ್ಟಿಗೆ ಇನ್ನೊಂದಿಲ್ಲ. ಅದರ ಕೈಪಟ್ಟಿ ಬದಲಾಯಿಸಿದ್ದು ಮೂರು ಸಲ, ಗುಂಡಿಯಡಿಯ ಉಣ್ಣೆ ಬದಲಾಯಿಸಿದ್ದು ಎರಡು ಸಲ. ಮರದ ಮೇಲಿನ ಕೆತ್ತನೆಯ ಸಂದಿಯಲ್ಲಿ ಯಾವ ಮೂಲೆಯಲ್ಲಿ ಧೂಳು ಕೂರುತ್ತದೆ ಎಂಬುದೂ ಅವರಿಗೆ ಬಾಯಿಪಾಠ. ತಮ್ಮದೇ ಒಂದು ಪೆಟ್ಟಿಗೆ ತಿದಿಯಕ್ಕನಿಗಿಲ್ಲ. "ನನ್ನದು ಅಂತ ಅಂದ್ಕೊಂಡಿದ್ದು ಇದೊಂದೇ, ಅದೂ ಬೇರೆಯವರದು," ಎಂದು ನಗುತ್ತಾರೆ. ಆಮೇಲೆ ಅಂಟಿನ ಪಾತ್ರೆ ಕಲಕುತ್ತಾರೆ.

ಒಂದೂವರೆ ವರ್ಷದ ಹಿಂದೆ ಯಜಮಾನರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ತಡವರಿಸಿಕೊಂಡು ವಾಪಸು ಬಂತು, ಎಡಗೈ ಬರಲಿಲ್ಲ. ಒಂದು ಕೈಗೆ ಕನ್ಸರ್ಟಿನಾ ದಕ್ಕುವುದಿಲ್ಲ. ಎರಡು ತಿಂಗಳ ಹಿಂದೆ ಮಗಳ ಭುಜ ಹಿಡಿದುಕೊಂಡು ಬಂದು ಅದನ್ನು ಮೇಜಿನ ಮೇಲಿಟ್ಟರು. ಮಗಳಿಗೆ ಮಾರುವ ಮನಸ್ಸಿರಲಿಲ್ಲ, ಮನೆಯಲ್ಲೇ ಇರಲಿ ಎಂದು ದಾರಿಯುದ್ದಕ್ಕೂ ಹೇಳಿದ್ದರಂತೆ. ಯಜಮಾನರು ಕೇಳಲಿಲ್ಲ. "ಕಪಾಟಿನ ಮೇಲಿಂದ ಅದು ನನ್ನನ್ನೇ ನೋಡುತ್ತೆ ಮಗಳೇ," ಎಂದು ತಿದಿಯಕ್ಕನಿಗೆ ಹೇಳಿದರು. "ನುಡಿಸೋರಿಗೆ ಕೊಡು. ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು."

ಬೇಗ ಎಂದದ್ದರಲ್ಲಿ ಅರ್ಥವಿದೆ. ಗಾಳಿಯಾಡದೆ ಬಿದ್ದಿರುವ ಪೆಟ್ಟಿಗೆಯ ಚರ್ಮ ಬಿರುಸಾಗುತ್ತದೆ, ರೀಡಿಗೆ ತುಕ್ಕು ಹತ್ತುತ್ತದೆ. ನುಡಿಸದೆ ಆಗಲೇ ಒಂದು ವರ್ಷದ ಮೇಲಾಗಿತ್ತು.

ಮಾರಾಟದಲ್ಲೂ ತಿದಿಯಕ್ಕನ ದಾರಿ ಬೇರೆ. ಕೊಳ್ಳುತ್ತೇನೆ ಎಂದವರಿಗೆ ಪೆಟ್ಟಿಗೆಯನ್ನು ಒಂದು ವಾರ ಮನೆಗೆ ಕೊಟ್ಟು ಕಳಿಸುತ್ತಾರೆ. ವಾರ ಕಳೆದು ಅವರು ತಂದಾಗ ಮಾತಿಗಿಂತ ಮೊದಲು ಪೆಟ್ಟಿಗೆಯನ್ನು ನೋಡುತ್ತಾರೆ. "ಬಾಯಲ್ಲಿ ಎಲ್ಲರೂ ದಿನಾ ನುಡಿಸ್ದೆ ಅಂತಾರೆ. ಪೆಟ್ಟಿಗೆ ಸುಳ್ಳು ಹೇಳಲ್ಲ."

ಮೊದಲು ಬಂದವರು ಹಳೆಯ ವಸ್ತುಗಳನ್ನು ಸೇರಿಸಿಡುವ ಒಬ್ಬ ದೊಡ್ಡ ಮನುಷ್ಯರು. ಮನೆಯಲ್ಲಿ ಗಾಜಿನ ಕಪಾಟುಗಳೇ ಹದಿನಾಲ್ಕಿವೆಯಂತೆ; ತಿದಿಯಕ್ಕ ಅವರಿಗೆ ಆಗಲೇ ಕಪಾಟಿನ ಸಾಹೇಬರು ಎಂದು ಹೆಸರಿಟ್ಟಾಗಿದೆ. ಒಳ್ಳೆಯವರು, ತಿಳಿದವರು. ಪೆಟ್ಟಿಗೆಯ ಕೆತ್ತನೆ ನೋಡಿ ಯಾವ ಕಾಲದ್ದೆಂದು ಹೇಳಬಲ್ಲವರು. ಒಂದು ವಾರ ಇಟ್ಟುಕೊಂಡು ತಂದರು. ಪೆಟ್ಟಿಗೆಗೆ ಸುತ್ತಿದ ಬಟ್ಟೆಯ ಗಂಟು ತಿದಿಯಕ್ಕ ಹಾಕಿಕೊಟ್ಟ ಗಂಟೇ, ಬಿಚ್ಚಿರಲಿಲ್ಲ. ಹಾಗಿದ್ದರೂ ಅವರು ಒಂದು ಮಾತು ಹೇಳಿದರು: ನನಗೆ ಇದು ಹೇಗಿದೆಯೋ ಹಾಗೇ ಬೇಕು, ಏನನ್ನೂ ಮುಟ್ಟಬೇಡಿ, ತೂತಿದ್ದರೆ ತೂತೂ ಇರಲಿ.

ಎರಡನೆಯವರು ಪಕ್ಕದ ಬೀದಿಯ ಬೇಕರಿಯಾಕೆ. ಮೂವತ್ತನಾಲ್ಕು ವರ್ಷ, ಗಟ್ಟಿ ತೋಳು, ಮೆದು ಮಾತು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಕಲಿತದ್ದು, ಆಮೇಲೆ ಪೆಟ್ಟಿಗೆ ಸಿಗದೆ ಬಿಟ್ಟದ್ದು. ನಸುಕಿನಲ್ಲಿ ಹಿಟ್ಟು ಉಬ್ಬುವ ತನಕ ಒಂದು ಗಂಟೆ ಸುಮ್ಮನೆ ಕಾಯಬೇಕಾಗುತ್ತದೆ, ಆ ಒಂದು ಗಂಟೆಗೆ ತನಗೊಂದು ಪೆಟ್ಟಿಗೆ ಬೇಕು ಎಂದು ಕೇಳಿಕೊಂಡು ಬಂದರು. ವಾರದ ಮೇಲೆ ಅವರು ತಂದುಕೊಟ್ಟ ಕನ್ಸರ್ಟಿನಾದ ಎರಡೂ ಕೈಪಟ್ಟಿಗಳಲ್ಲಿ ಮೈದಾ ಹಿಟ್ಟು. ಗುಂಡಿಗಳ ಸುತ್ತ ಹಿಟ್ಟಿನ ಬೆರಳಚ್ಚು. ತಿದಿಯಕ್ಕ ಸರಿಯಾಗಿ ಬೈದರು. ಹಿಟ್ಟು ರೀಡಿನೊಳಗೆ ಹೋದರೆ ಸ್ವರ ಗೊರಗೊರ ಅನ್ನುತ್ತದೆ, ಕೈ ತೊಳೆದುಕೊಳ್ಳುವಷ್ಟು ತಾಳ್ಮೆ ಇಲ್ಲದವರು ಪೆಟ್ಟಿಗೆ ಯಾಕೆ ಹಿಡಿಯಬೇಕು ಎಂದು. ಬೈಯುತ್ತಿರುವಾಗಲೇ ಒಳಗೊಳಗೆ, ಇವಳೇ ಸರಿ ಅನ್ನಿಸಿತಂತೆ.

ಕುರ್ಚಿಯಲ್ಲಿ ಕೂರಿಸಿ ನುಡಿಸಿ ಎಂದರು. ಬೇಕರಿಯಾಕೆ ನುಡಿಸಿದರು. ಸಾಲಿನ ಅರ್ಧಕ್ಕೆ ಗಾಳಿ ಮುಗಿಯುತ್ತಿತ್ತು, ತೋಳು ತಡಕಾಡುತ್ತಿತ್ತು.

"ಅಕ್ಕ, ನನ್ನ ಕೈ ತಪ್ಪೋ ಪೆಟ್ಟಿಗೆ ತಪ್ಪೋ ಗೊತ್ತಾಗ್ತಿಲ್ಲ. ಎಲ್ಲೋ ಸೋರ್ತಿದೆ ಅನ್ಸುತ್ತೆ. ಅದೊಂದು ಸರಿ ಮಾಡಿಕೊಟ್ರೆ ನಾನೇ ಇಟ್ಕೊತೀನಿ."

ತಪ್ಪು ಯಾರದೂ ಅಲ್ಲ ಎಂದು ತಿದಿಯಕ್ಕನಿಗೆ ಗೊತ್ತು. ಆ ತೂತಿಗೆ ಹೊಂದಿಕೊಂಡದ್ದು ಒಂದೇ ತೋಳು. ಇನ್ನೊಬ್ಬರು ನುಡಿಸಬೇಕಾದರೆ ಅದು ಮುಚ್ಚಬೇಕು. ಮುಚ್ಚಿದರೆ, ಈ ಲೋಕದಲ್ಲಿ ಯಜಮಾನರ ಎಳೆತಕ್ಕೆ ಉತ್ತರ ಕೊಡುವ ಪೆಟ್ಟಿಗೆ ಇನ್ನಿರುವುದಿಲ್ಲ. ಕಪಾಟಿನ ಸಾಹೇಬರಿಗೆ ಕೊಟ್ಟರೆ ತೂತು ಹಾಗೇ ಉಳಿಯುತ್ತದೆ, ಗಾಜಿನ ಹಿಂದೆ, ಮಾತಿಲ್ಲದೆ. ಬೇಕರಿಯಾಕೆಗೆ ಕೊಟ್ಟರೆ ಹಾಡು ಉಳಿಯುತ್ತದೆ, ಆದರೆ ಬೇರೆಯವರ ಹಾಡು.

"ನಿಜ ಹೇಳ್ತೀನಿ, ಎರಡು ದಿನ ನಾನು ಸಾಹೇಬರ ಕಡೆಗೇ ವಾಲಿದ್ದೆ. ನುಡಿಸೋರಿಗೆ ಕೊಡು ಅಂತ ಯಜಮಾನ್ರು ಬಾಯಿಬಿಟ್ಟು ಹೇಳಿದ್ರೂ. ಅವರ ಕೈ ಬಂದುಬಿಟ್ರೆ? ಹಾಗಂತ ಒಂದು ಆಸೆ. ಡಾಕ್ಟರೇ ಇಲ್ಲ ಅಂದಿದ್ದಾರೆ, ನನಗೆ ಆಸೆ."

ಹೀಗೆ ಹತ್ತು ದಿನ ಉರುಳಿತು. ಬೇಕರಿಯಾಕೆ ಎರಡು ಸಲ ಬಂದು, ಇನ್ನೂ ಆಗಿಲ್ವಾ ಎಂದು ಕೇಳಲು ನಾಚಿಕೊಂಡು, ಬನ್ನು ಕೊಟ್ಟು ಹೋದರು. ತಿದಿಯಕ್ಕ ಅರವತ್ತು ರೀಡನ್ನೂ ಮತ್ತೆ ಶ್ರುತಿ ನೋಡಲು ಕೂತರು. ಅಷ್ಟೇನೂ ಕೆಟ್ಟಿರಲಿಲ್ಲ. ಕೆಲಸ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುವುದಕ್ಕೊಂದು ನೆಪ ಬೇಕಿತ್ತು. ಈ ಮುಂಜಾನೆ ಮೇಜಿನ ಮೇಲೆ ಉಳಿದಿದ್ದ ನಾಲ್ಕು ರೀಡು ಆ ನೆಪದ ಬಾಲ. ಹಾಲಿನ ವ್ಯಾನು ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತಿಗೆ ಅದೂ ಮುಗಿಯುತ್ತದೆ. ತಿದಿಯಕ್ಕ ದೀಪ ಆರಿಸಿ, ಏಪ್ರನ್ ಬಿಚ್ಚಿ, ಏಳು ಗಂಟೆಯ ಬಸ್ಸಿಗೆ ಹೋಗಿ ನಿಲ್ಲುತ್ತಾರೆ.

ಯಜಮಾನರು ಮಗಳ ಮನೆಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಾರೆ. ಎಡಗೈ ತೊಡೆಯ ಮೇಲೆ ಮಲಗಿದೆ. ತಿದಿಯಕ್ಕ ವಿಷಯವನ್ನು ಸುತ್ತಿ ಬಳಸಿ ಹೇಳುತ್ತಾರೆ. ಸಾಹೇಬರ ಹದಿನಾಲ್ಕು ಕಪಾಟು, ಬೇಕರಿಯಾಕೆಯ ಹಿಟ್ಟಿನ ಕೈ, ಮೂರನೇ ಮಡಿಕೆ. ಯಜಮಾನರು ಪೂರ್ತಿ ಕೇಳಿ, ಮಾತು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ.

"ಪೆಟ್ಟಿಗೆ ಮಾರೋದಕ್ಕೆ ಒಪ್ಪಿಕೊಂಡ ನೀನು ತೂತು ಮಾತ್ರ ಇಟ್ಕೊಂಡಿದ್ದೀಯಲ್ಲ ಮಗಳೇ."

ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದ ಮಗಳು ಕೈ ನಿಲ್ಲಿಸುತ್ತಾರೆ. ಯಜಮಾನರು ಹಿಟ್ಟಿನ ಹುಡುಗಿ ನುಡಿಸುವುದನ್ನು ತಾನು ಕೇಳಬೇಕು ಎನ್ನುತ್ತಾರೆ. ಇವತ್ತೇ ಆಗಲಿ ಎನ್ನುತ್ತಾರೆ. ಮಗಳು ಒಳಗೆ ಹೋಗಿ ಅಪ್ಪನ ಒಳ್ಳೆಯ ಅಂಗಿ ತರುತ್ತಾರೆ.

ಮಧ್ಯಾಹ್ನ ಮೂರಕ್ಕೆ ಆ ಪುಟ್ಟ ಕೋಣೆಯಲ್ಲಿ ನಾಲ್ಕು ಜನ. ಕಿಟಕಿಯ ಪಕ್ಕದ ಕುರ್ಚಿ ಯಜಮಾನರಿಗೆ. ಮಗಳು ಅವರ ಹಿಂದೆ ಗೋಡೆಗೊರಗಿ ನಿಂತಿದ್ದಾರೆ. ಬೇಕರಿಯಾಕೆ ಮೊಣಕೈ ತನಕ ಕೈ ತೊಳೆದುಕೊಂಡು ಬಂದಿದ್ದಾರೆ, ತೋರಿಸುತ್ತಾರೆ ಕೂಡ. ತಿದಿಯಕ್ಕ ಅಂಟು ಬಿಸಿಗಿಟ್ಟು, ಚೂರು ಚರ್ಮವನ್ನು ಹೆರೆಯುತ್ತಾ ಕೂರುತ್ತಾರೆ. ಅದು ತೆಳುವಾಗುತ್ತದೆ, ಇನ್ನೂ ತೆಳುವಾಗುತ್ತದೆ. ಇನ್ನು ಹೆರೆದರೆ ಚರ್ಮವೇ ಉಳಿಯುವುದಿಲ್ಲ ಎಂಬ ಹಂತದಲ್ಲಿ ಚಾಕು ಕೆಳಗಿಡುತ್ತಾರೆ. ಬ್ರಷ್‌ನಲ್ಲಿ ಅಂಟು ಹಚ್ಚಿ, ಮೂರನೇ ಮಡಿಕೆಯನ್ನು ಬಿಡಿಸಿ ಹಿಡಿದು, ಅಲ್ಲೇ ನಿಂತುಬಿಡುತ್ತಾರೆ.

ಯಜಮಾನರು ಬಲಗೈ ಚಾಚುತ್ತಾರೆ. "ಕೊಡಿಲ್ಲಿ. ಒತ್ತಿ ಹಿಡಿಯೋಕೆ ಒಂದು ಕೈ ಸಾಕಲ್ವಾ?"

ತಿದಿಯಕ್ಕ ತೇಪೆಯನ್ನು ಜಾಗಕ್ಕೆ ಕೂರಿಸಿ, ಪೆಟ್ಟಿಗೆಯನ್ನು ಅವರ ತೊಡೆಯ ಮೇಲಿಟ್ಟು, ಅವರ ಹೆಬ್ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ತರುತ್ತಾರೆ. ಅಂಟು ಹಿಡಿಯಲು ಅರ್ಧ ಗಂಟೆ ಬೇಕು, ಬೆರಳು ಅಲುಗಬಾರದು ಎಂದು ಹೇಳುತ್ತಾರೆ. ಯಜಮಾನರು ಅಲುಗುವುದಿಲ್ಲ. ಬೇಕರಿಯಾಕೆ ಮಂಡಿಯೂರಿ ಕೂತು ಪೆಟ್ಟಿಗೆಯ ಇನ್ನೊಂದು ತುದಿಯನ್ನು ಆಧಾರವಾಗಿ ಹಿಡಿದುಕೊಳ್ಳುತ್ತಾರೆ.

ಆ ಅರ್ಧ ಗಂಟೆಯಲ್ಲಿ ಯಜಮಾನರು ಈ ಒಂದೂವರೆ ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತಾಡುತ್ತಾರೆ ಎಂದು ಮಗಳು ಆಮೇಲೆ ಹೇಳುತ್ತಾರೆ. ಮೇಲಿನ ಸಾಲಿನ ಕೊನೆಯ ಗುಂಡಿ ಚಳಿಗಾಲದಲ್ಲಿ ಸೋಮಾರಿ, ಅದನ್ನು ಎರಡು ಸಲ ಮುಟ್ಟಿ ಎಬ್ಬಿಸಬೇಕು. ಬಿಸಿಲಿಗೆ ಇಡಬಾರದು. ಜನ ಹತ್ತುತ್ತಿರುವಾಗ ಚುರುಕಾದ ಹಾಡು ನುಡಿಸಿದರೆ ಬೇಗ ಹತ್ತುತ್ತಾರೆ; ಬೇಕರಿಗೂ ಅದು ಕೆಲಸಕ್ಕೆ ಬಂದೀತು. ಒಮ್ಮೆ ನಡುಹೊಳೆಯಲ್ಲಿ ಒಬ್ಬ ಹೆಂಗಸಿಗೆ ಹೆರಿಗೆ ನೋವು ಬಂದಾಗ ದಡ ಮುಟ್ಟುವ ತನಕ ನಿಲ್ಲಿಸದೆ ನುಡಿಸಿದ್ದು. ಮಾತು ತೊದಲಿದ ಕಡೆ ಬೇಕರಿಯಾಕೆ ಕಾಯುತ್ತಾರೆ, ಮುಂದಿನ ಶಬ್ದವನ್ನು ತಾವಾಗಿ ಹೇಳಿಕೊಡುವುದಿಲ್ಲ. ಅದನ್ನು ತಿದಿಯಕ್ಕ ಗಮನಿಸುತ್ತಾರೆ.

ಹೊತ್ತಾಯಿತು ಎಂದು ತಿದಿಯಕ್ಕ ಹೇಳಿದಾಗ ಯಜಮಾನರು ಹೆಬ್ಬೆರಳು ತೆಗೆಯುತ್ತಾರೆ. ಬೇಕರಿಯಾಕೆ ಪಟ್ಟಿಯೊಳಗೆ ಕೈ ತೂರಿಸಿ, ಒಮ್ಮೆ ಅವರ ಮುಖ ನೋಡಿ, ಎಳೆಯುತ್ತಾರೆ. ಸಾಲು ಅರ್ಧಕ್ಕೆ ನಿಲ್ಲುವುದಿಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ಸಲೀಸಾಗಿ ಹೋಗಿ ಮುಟ್ಟುತ್ತದೆ. ತೂಗಾಟವಿಲ್ಲ, ಜಗ್ಗಿಲ್ಲ, ನುಣ್ಣಗಿನ ಒಂದು ಹಾಡು. ಅದು ಯಜಮಾನರದಲ್ಲ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತದೆ. ಮಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಹಾಡು ಮುಗಿದ ಮೇಲೆ ಯಜಮಾನರು, "ಇಷ್ಟು ನುಣ್ಣಗೆ ನನಗೆ ಯಾವತ್ತೂ ಬರ್ಲಿಲ್ಲ," ಎನ್ನುತ್ತಾರೆ. ಇನ್ನೊಂದು ನುಡಿಸು ಎಂದು ಕೇಳಿ, ಅದನ್ನು ಪೂರ್ತಿ ಕೇಳಿ, ಏಳುತ್ತಾರೆ.

ಎಲ್ಲರೂ ಹೋದ ಮೇಲೆ ತಿದಿಯಕ್ಕ ನೋಟ್‌ಬುಕ್ಕು ತೆಗೆದು ಅದೇ ಪೆಟ್ಟಿಗೆಗೆ ಒಂದು ಹೊಸ ಪುಟ ಬಿಡಿಸುತ್ತಾರೆ. ಮೇಲೆ "ಬೇಕರಿ" ಎಂದು ಬರೆಯುತ್ತಾರೆ. ಎರಡೂ ಬದಿ ಇನ್ನೂ ಖಾಲಿ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರೆಯುವಾಗ ಏನಾದರೂ ಸೇರಿಸಬೇಕೇ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪುಸ್ತಕ ಮುಚ್ಚಿಡುತ್ತಾರೆ. ಬೀದಿಯ ಕಡೆಗೊಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸುತ್ತಾರೆ.

"ಅಷ್ಟು ತೆಳು ಚರ್ಮಕ್ಕೆ ಬಿಸಿ ಅಂಟು ಹಿಡಿಯೋದಕ್ಕೆ ಎರಡು ನಿಮಿಷ ಸಾಕು. ನಾನು ಅರ್ಧ ಗಂಟೆ ಅಂದೆ. ಇಪ್ಪತ್ತೆಂಟು ವರ್ಷದಲ್ಲಿ ಕೆಲಸದ ವಿಷಯದಲ್ಲಿ ಗಿರಾಕಿಗೆ ಹೇಳಿದ ಸುಳ್ಳು ಅದೊಂದೇ. ಬೇಕಾದ್ರೆ ಬರ್ಕೊಳ್ಳಿ."